ಚಾರ್ಜರ್ ಸಬ್ಸಿಡಿ ಕೇಳುವ ಮೊದಲು ಮೀಟರ್ ಕಡೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಎಲೆಕ್ಟ್ರಿಕ್ ಕಾರು ತಗೊಂಡಾಯ್ತು, ಇಲ್ಲವೇ ತಗೊಳ್ಳುವವರಿದ್ದೇವೆ. ಮನೆಯಲ್ಲಿ ಚಾರ್ಜರ್ ಹಾಕಿಸೋಕೆ ಸರ್ಕಾರ ಏನು ಕೊಡುತ್ತೆ? ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ದೆಹಲಿಯಲ್ಲಿರುವ ನಮ್ಮ ಭಾವ ಮನೆಯ ಚಾರ್ಜರ್‌ಗೆ ಆರು ಸಾವಿರ ಸಬ್ಸಿಡಿ ಸಿಕ್ಕಿತು ಅಂತಾರೆ. ಕರ್ನಾಟಕದಲ್ಲಿ ನಮಗೆ ಯಾಕೆ ಇಲ್ಲ? ಯಾವ ಆಫೀಸಿಗೆ ಅರ್ಜಿ ಹಾಕಬೇಕು? (ಮೈಸೂರು)

ನಿಮ್ಮ ಭಾವ ಹೇಳಿದ್ದು ನಿಜ. ದೆಹಲಿ ಸರ್ಕಾರ 2020ರ ಆಗಸ್ಟ್‌ನಲ್ಲಿ ತಂದ ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ 6,000 ರೂಪಾಯಿವರೆಗೆ ಸಹಾಯಧನ ಇಟ್ಟಿದ್ದರು. ಮರುವರ್ಷ ಅಲ್ಲಿನ ವಿದ್ಯುತ್ ಕಂಪನಿಗಳ ಮೂಲಕವೇ ಎಲ್ಲ ಆಗುವ ಹಾಗೆ ಮಾಡಿದರು. ಸಬ್ಸಿಡಿ ಕಳೆದು ಉಳಿದದ್ದನ್ನು ಕಟ್ಟಿದರೆ ಸಾಕು, ಚಾರ್ಜರ್ ಮನೆಗೆ ಬರುತ್ತಿತ್ತು. ಚಿಕ್ಕ ಚಾರ್ಜರ್ ಆದರೆ ಕೈಯಿಂದ ಹೋಗುತ್ತಿದ್ದದ್ದು ಎರಡೂವರೆ ಸಾವಿರದ ಆಸುಪಾಸು. ಒಳ್ಳೆಯ ಏರ್ಪಾಡು, ಅನುಮಾನವಿಲ್ಲ.

ಕರ್ನಾಟಕದ ದಾರಿ ಬೇರೆ. ಎಲೆಕ್ಟ್ರಿಕ್ ವಾಹನಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದದ್ದು ನಮ್ಮ ರಾಜ್ಯವೇ, 2017ರಲ್ಲಿ. ಆದರೆ ಅದರ ಕಣ್ಣೆಲ್ಲ ಕಾರ್ಖಾನೆಗಳ ಮೇಲೆ, ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಮೇಲೆ. ಕೇಂದ್ರದ ಯೋಜನೆಗಳೂ ಹಾಗೆಯೇ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್‌ನಲ್ಲಿ ಚಾರ್ಜಿಂಗ್‌ಗೆ 2,000 ಕೋಟಿ ರೂಪಾಯಿ ಇದೆ, ಅಷ್ಟೂ ಸಾರ್ವಜನಿಕ ಕೇಂದ್ರಗಳಿಗೆ. ನಿಮ್ಮ ಪೋರ್ಟಿಕೋದ ಗೋಡೆಗೆ ಅದರಲ್ಲಿ ಪಾಲಿಲ್ಲ. ಹಾಗಾಗಿ ಯಾವ ಆಫೀಸಿಗೂ ಅಲೆಯಬೇಡಿ.

ಬರೀ ಕೈ ಅಂತ ಬೇಸರ ಬೇಡ. ನಿಮಗೆ ಗೊತ್ತಾಗದ ಹಾಗೆ ಒಂದಿಷ್ಟು ಸಿಕ್ಕಿದೆ. 2019ರ ಆಗಸ್ಟ್ 1ರಿಂದ ಚಾರ್ಜರ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಇಪ್ಪತ್ತು ಸಾವಿರದ ಚಾರ್ಜರ್ ಅಂದರೆ 2,600 ರೂಪಾಯಿ ಉಳಿತಾಯ. ಅರ್ಜಿಯಿಲ್ಲ, ಜೆರಾಕ್ಸ್ ಇಲ್ಲ. ಎಷ್ಟೋ ಕಾರು ಕಂಪನಿಗಳು ಚಾರ್ಜರನ್ನು ಕಾರಿನ ಜೊತೆಗೇ ಕೊಡುತ್ತವೆ ಕೂಡ. ಅಂಥ ಕಡೆ ನಿಜವಾದ ಖರ್ಚು ಚಾರ್ಜರ್‌ದಲ್ಲ. ಮೀಟರ್ ಬೋರ್ಡಿನಿಂದ ಕಾರಿನ ತನಕ ಎಳೆಯುವ ತಂತಿ, ಅರ್ಥಿಂಗ್, ಲೋಡ್ (ಮನೆಗೆ ಮಂಜೂರಾದ ವಿದ್ಯುತ್ ಪ್ರಮಾಣ) ಹೆಚ್ಚಿಸಿಕೊಳ್ಳುವ ಶುಲ್ಕ, ಇವುಗಳದ್ದು.

ಪ್ರಶ್ನೆ: ನಮ್ಮ ಮನೆಗೆ ಗೃಹ ಜ್ಯೋತಿ ಇದೆ. ತಿಂಗಳಿಗೆ 90 ಯೂನಿಟ್ ಖರ್ಚಾಗುತ್ತದೆ, ಬಿಲ್ ಸೊನ್ನೆ. 200 ಯೂನಿಟ್ ತನಕ ಫ್ರೀ ಅಲ್ವಾ, ಉಳಿದ 110 ಯೂನಿಟ್‌ನಲ್ಲಿ ಕಾರು ಚಾರ್ಜ್ ಮಾಡಿಕೊಳ್ಳಬಹುದಾ? ಅಂಗಡಿಯವರು ಧಾರಾಳವಾಗಿ ಮಾಡಿ ಅಂದರು. (ತುಮಕೂರು)

ಅಂಗಡಿಯವರಿಗೆ ಕಾರು ಮಾರಬೇಕು. ಬಿಲ್ ಬರುವುದು ನಿಮಗೆ.

ಗೃಹ ಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಅಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸುತ್ತಾರೆ. ಅದು ನಿಮ್ಮ ಮಿತಿ. ಆಗಲೂ ನಿಮ್ಮ ಸರಾಸರಿ 90 ಇತ್ತು ಅಂದುಕೊಂಡರೆ ಮಿತಿ 99. ಅದನ್ನು ದಾಟಿ 200ರ ಒಳಗಿದ್ದರೆ ಮೇಲಿನ ಯೂನಿಟ್‌ಗಳಿಗೆ ಮಾತ್ರ ದುಡ್ಡು ಕಟ್ಟಬೇಕು. 200 ದಾಟಿದಿರೋ, ಆ ತಿಂಗಳು ಪೂರ್ತಿ ಬಿಲ್. ಮೊದಲನೇ ಯೂನಿಟ್‌ನಿಂದ ಲೆಕ್ಕ.

ಈಗ ಕಾರಿನ ಲೆಕ್ಕ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುತ್ತೀರಿ ಅಂತಿಟ್ಟುಕೊಳ್ಳೋಣ. ಚಿಕ್ಕ ಕಾರು ಯೂನಿಟ್‌ಗೆ ಆರೇಳು ಕಿಲೋಮೀಟರ್ ಕೊಡುತ್ತದೆ, ಚಾರ್ಜ್ ಆಗುವಾಗ ಸೋರಿಹೋಗುವುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಂದರೆ ಸುಮಾರು 150 ಯೂನಿಟ್. ಮನೆಯ 90 ಸೇರಿದರೆ 240. 200ರ ಗೆರೆ ದಾಟಿಯೇ ಹೋಯಿತು. ಇಷ್ಟು ದಿನ ಸೊನ್ನೆ ಇದ್ದ ಮನೆಯ 90 ಯೂನಿಟ್‌ಗೂ ಈಗ ಬೆಲೆ ಬರುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ನಿಮ್ಮದು 3 ಕಿಲೋವ್ಯಾಟ್ ಮನೆಯಾದರೆ 522 ಮತ್ತು 435, ಒಟ್ಟು 957. ಅದರ ಮೇಲೆ ತೆರಿಗೆ. ಕಾರಿನ ಕರೆಂಟು ಬೇರೆ, ಇದು ಬೇರೆ. ಕಾರು ಬಂದ ಕಾರಣಕ್ಕೆ ಮನೆ ಕಳೆದುಕೊಂಡ ಸಾವಿರ ರೂಪಾಯಿ ಇದು, ಪ್ರತಿ ತಿಂಗಳೂ.

ದಾರಿ ಇದೆ. ಕಾರಿಗೇ ಇನ್ನೊಂದು ಮೀಟರ್ ಹಾಕಿಸಿ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ತಂದಿದೆ. ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳಲು ಅದರಲ್ಲಿ ಅವಕಾಶ ಇದೆ. ಹೊಸ ಸಂಪರ್ಕ ಕೊಡಲು ಇದ್ದ ಗಡುವನ್ನೂ ಆಗಲೇ ಇಳಿಸಿದರು. ಮಹಾನಗರದಲ್ಲಿ 3 ದಿನ, ಉಳಿದ ಪಟ್ಟಣಗಳಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ. ಈ ಸಂಪರ್ಕ ಬರುವುದು ಎಲ್‌ಟಿ-6(ಸಿ) ಎಂಬ ವರ್ಗದಲ್ಲಿ. ಇದರ ದರ ಮನೆಯ ದರಕ್ಕಿಂತ ಯೂನಿಟ್‌ಗೆ ಒಂದು ರೂಪಾಯಿ ಆಸುಪಾಸು ಕಡಿಮೆ. ಆರ್‌ಆರ್ ನಂಬರ್ ಬೇರೆ, ಬಿಲ್ ಬೇರೆ. ಮನೆಯ ಮೀಟರ್ 90ರಲ್ಲೇ ನಿಲ್ಲುತ್ತದೆ, ಗೃಹ ಜ್ಯೋತಿಯೂ ಉಳಿಯುತ್ತದೆ.

ಇದರಲ್ಲಿ ಮೋಸವಿದೆಯೇ ಎಂದು ಒಬ್ಬರು ಹೋದ ತಿಂಗಳು ಕೇಳಿದ್ದರು. ಖಂಡಿತ ಇಲ್ಲ. ಕಾರಿನ ಕರೆಂಟಿಗೆ ನೀವು ದುಡ್ಡು ಕೊಡುತ್ತೀರಿ, ಮನೆಯದ್ದು ಮನೆಯ ಲೆಕ್ಕ. ಮೋಸ ಆಗುವುದು ಮನೆಯ ಮೀಟರ್‌ನಿಂದ ಕಾರಿಗೆ ತಂತಿ ಎಳೆದು, ಕಾರಿನ ಮೀಟರನ್ನು ಸುಮ್ನೆ ಗೋಡೆ ಮೇಲೆ ಬಿಟ್ಟರೆ.

ಆದರೆ ಇದು ಎಲ್ಲರಿಗೂ ಲಾಭವಲ್ಲ. ಗೃಹ ಜ್ಯೋತಿ ಇಲ್ಲದ ಮನೆಗಳು, ಅಂದರೆ ಮೊದಲಿನಿಂದಲೂ 200 ದಾಟುವವರು, ಯೋಚನೆ ಮಾಡಿ. 150 ಯೂನಿಟ್‌ಗೆ ಒಂದೊಂದು ರೂಪಾಯಿ ಉಳಿದರೂ ತಿಂಗಳಿಗೆ 150 ರೂಪಾಯಿ. ಎರಡನೇ ಮೀಟರ್‌ಗೂ ನಿಗದಿತ ಶುಲ್ಕ ಇದೆ, ಠೇವಣಿ ಇದೆ, ಬೇರೆ ವೈರಿಂಗ್ ಇದೆ. ಉಳಿದದ್ದನ್ನೆಲ್ಲ ಅದೇ ತಿಂದುಹಾಕುತ್ತದೆ. ನಿಮ್ಮ ಪ್ರಶ್ನೆ ಸ್ಕೂಟರ್ ಬಗ್ಗೆ ಆಗಿದ್ದರೂ ನಾನು ಎರಡನೇ ಮೀಟರ್ ಬೇಡ ಅನ್ನುತ್ತಿದ್ದೆ. ಸ್ಕೂಟರ್ ತಿಂಗಳಿಗೆ ಮೂವತ್ತು ಯೂನಿಟ್ ಕುಡಿಯಬಹುದು. 90ಕ್ಕೆ 30 ಸೇರಿ 120. ಮಿತಿ ಮೀರಿದ 21 ಯೂನಿಟ್‌ಗೆ ದುಡ್ಡು ಕಟ್ಟಿ ಆರಾಮಾಗಿರಿ.

ಪ್ರಶ್ನೆ: ನಮ್ಮದು 40 ಮನೆಗಳ ಅಪಾರ್ಟ್‌ಮೆಂಟ್. ಐದು ಎಲೆಕ್ಟ್ರಿಕ್ ಕಾರುಗಳಿವೆ. ಸಂಘದವರು ಚಾರ್ಜರ್ ಬೇಡ, ಖರ್ಚು ಯಾರು ಕೊಡ್ತಾರೆ ಅಂತಾರೆ. ಸರ್ಕಾರದ ನೆರವು ಇದೆಯಾ? (ಬೆಂಗಳೂರು)

ನೇರವಾಗಿ ಚಾರ್ಜರ್‌ಗೆ ಇಲ್ಲ. ಆದರೆ ಪಕ್ಕದ ಬಾಗಿಲು ತೆರೆದಿದೆ, ಹೆಚ್ಚಿನ ಸಂಘಗಳು ಅದನ್ನು ನೋಡಿಯೇ ಇಲ್ಲ. ಚಾವಣಿ ಮೇಲಿನ ಸೌರಫಲಕಕ್ಕೆಂದು 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಅಂದರೆ ಎಲ್ಲರಿಗೂ ನೆನಪಾಗುವುದು ಒಂಟಿ ಮನೆಗೆ ಸಿಗುವ 78,000 ರೂಪಾಯಿ. ಅದೇ ಯೋಜನೆಯಲ್ಲಿ ವಸತಿ ಸಮುಚ್ಚಯಗಳ ಸಂಘಗಳಿಗೂ ಸಹಾಯಧನ ಇದೆ. ಕಿಲೋವ್ಯಾಟ್‌ಗೆ 18,000 ರೂಪಾಯಿ. ಲಿಫ್ಟು, ನೀರಿನ ಮೋಟರು, ಮೆಟ್ಟಿಲ ದೀಪದಂಥ ಸಾಮಾನ್ಯ ಸೌಲಭ್ಯಗಳಿಗೆ, ಮತ್ತು ವಾಹನ ಚಾರ್ಜಿಂಗ್‌ಗೂ ಸೇರಿ. ಹೌದು, ಚಾರ್ಜಿಂಗ್ ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ ಗರಿಷ್ಠ 500 ಕಿಲೋವ್ಯಾಟ್ ತನಕ.

ನೀವು ಚಾವಣಿಯಲ್ಲಿ 20 ಕಿಲೋವ್ಯಾಟ್ ಹಾಕಿಸಿದರೆ 3 ಲಕ್ಷ 60 ಸಾವಿರ ಸಹಾಯಧನ. ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸುಮಾರು 80 ಯೂನಿಟ್ ಬರುತ್ತದೆ. ಐದು ಕಾರು ತಿಂಗಳಿಗೆ 750 ಯೂನಿಟ್ ಅಂದುಕೊಳ್ಳಿ, ದಿನಕ್ಕೆ 25. ಉಳಿದದ್ದು ಲಿಫ್ಟಿಗೂ ಮೋಟರಿಗೂ. ಕಾರುಗಳು ರಾತ್ರಿ ಚಾರ್ಜ್ ಆಗ್ತವೆ, ಬಿಸಿಲು ಹಗಲಲ್ಲಿ ಅಲ್ವಾ ಅಂತ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿಯೇ ಕೇಳುತ್ತಾರೆ. ಹಗಲು ಉಳಿದ ಕರೆಂಟು ಗ್ರಿಡ್‌ಗೆ ಹೋಗಿ ಬಿಲ್ಲಿನಲ್ಲಿ ಜಮಾ ಆಗುತ್ತದೆ ಅಂತ ಹೇಳಿ.

ಸಂಘದ ಮುಂದೆ ಹೋಗುವಾಗ ಚಾರ್ಜರ್ ಎಂಬ ಪದದಿಂದ ಶುರು ಮಾಡಬೇಡಿ ಅನ್ನುವುದು ನನ್ನ ಅನುಭವ. ಎಲೆಕ್ಟ್ರಿಕ್ ಕಾರಿಲ್ಲದ 35 ಮನೆಯವರಿಗೆ ಅದರಲ್ಲಿ ಏನಿದೆ? ಮೇಂಟೆನೆನ್ಸ್ ಬಿಲ್ ಇಳಿಸುವ ಮಾತಿನಿಂದ ಶುರು ಮಾಡಿ. ಪ್ರತಿ ಚಾರ್ಜರ್‌ಗೂ ಸಬ್‌ಮೀಟರ್ ಹಾಕುತ್ತೇವೆ, ನಮ್ಮ ಯೂನಿಟ್ ದುಡ್ಡು ನಾವೇ ಕೊಡುತ್ತೇವೆ ಅಂತ ಬರೆದುಕೊಡಿ. ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೇವೆ. ಸ್ವಂತ ಮನೆಯಿರುವ ಸ್ನೇಹಿತರು ಚಾರ್ಜರ್ ಅನುದಾನ ನಿಂತುಹೋಗಿದೆ ಅಂದರು. ನಿಜವೇ?

ಅವರಿಗೆ ನಿಂತಿದೆ, ನಿಮಗಲ್ಲ. ಸ್ವಂತ ಒಂಟಿ ಮನೆಯಲ್ಲಿರುವವರಿಗೆ ಇದ್ದ ಅನುದಾನ 2022ರ ಮಾರ್ಚ್ 31ಕ್ಕೆ ಮುಗಿಯಿತು. ಅದರ ಬದಲು ಏಪ್ರಿಲ್‌ನಿಂದ ಬಂದದ್ದು ಬಾಡಿಗೆದಾರರಿಗೆ ಮತ್ತು ಸ್ವಂತ ಫ್ಲ್ಯಾಟ್ ಇರುವವರಿಗೆ. ಶುರುವಾದಾಗ ಖರ್ಚಿನ ಶೇ 75, ಗರಿಷ್ಠ 350 ಪೌಂಡ್. ಉಳ್ಳವರು ಹೇಗೂ ಹಾಕಿಸಿಕೊಳ್ಳುತ್ತಾರೆ, ಕಷ್ಟ ಇರುವುದು ಫ್ಲ್ಯಾಟ್‌ನವರಿಗೆ ಎಂಬ ಲೆಕ್ಕ. ನನ್ನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ನಿಮಗೆ ರಸ್ತೆಯಿಂದ ಒಳಗೆ ಸ್ವಂತ ಪಾರ್ಕಿಂಗ್ ಜಾಗ ಇರಬೇಕು, ಮನೆ ಮಾಲೀಕರ ಒಪ್ಪಿಗೆ ಬೇಕು, ಕೆಲಸವನ್ನು ಸರ್ಕಾರ ಮಾನ್ಯ ಮಾಡಿದ ಇನ್‌ಸ್ಟಾಲರ್ ಕೈಲೇ ಮಾಡಿಸಬೇಕು. ಇನ್ನೊಂದು ವಿಷಯ. ಅಲ್ಲಿ ಮನೆಯ ಕರೆಂಟಿಗೆ ವ್ಯಾಟ್ ಶೇ 5, ರಸ್ತೆಬದಿಯ ಚಾರ್ಜರ್‌ಗೆ ಶೇ 20. ಅನುದಾನ ಒಂದು ಸಲ ಸಿಗುತ್ತದೆ, ಈ ವ್ಯತ್ಯಾಸ ಪ್ರತಿ ಸಲ ಪ್ಲಗ್ ಹಾಕಿದಾಗಲೂ ಸಿಗುತ್ತದೆ.

ತಡ ಮಾಡಬೇಡಿ ಅಂತಲೂ ಹೇಳುತ್ತೇನೆ. ಜರ್ಮನಿಯವರು 2023ರ ಸೆಪ್ಟೆಂಬರ್ 26ರಂದು ಸೌರಫಲಕ, ಬ್ಯಾಟರಿ, ಚಾರ್ಜರ್ ಮೂರಕ್ಕೂ ಸೇರಿಸಿ ಒಂದು ಯೋಜನೆ ತೆರೆದರು. 30 ಕೋಟಿ ಯೂರೋ ಒಂದೇ ದಿನದಲ್ಲಿ ಖಾಲಿ. ನಮ್ಮಲ್ಲಿ ದಸರಾ ರೈಲಿನ ಟಿಕೆಟ್ ಹಾಗೆ!

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿ ಮನೆ ಇದೆ. ಚಾರ್ಜರ್ ಹಾಕಿಸಿದರೆ ಸಾವಿರ ಡಾಲರ್ ತೆರಿಗೆ ಕಡಿತ ಅಂತಾರೆ.

ಸಾವಿರ ಗರಿಷ್ಠ. ಸಿಗುವುದು ಖರ್ಚಿನ ಶೇ 30. ಅದು ನೀವು ವಾಸವಿರುವ ಮುಖ್ಯ ಮನೆಯಾಗಿರಬೇಕು. ಜೊತೆಗೆ ಮನೆ ಇರುವ ಜನಗಣತಿ ಪ್ರದೇಶ ಕಡಿಮೆ ಆದಾಯದ್ದೋ ನಗರದ ಹೊರಗಿನದ್ದೋ ಆಗಿರಬೇಕು. ನಮ್ಮ ಐಟಿಯವರು ಮನೆ ಮಾಡುವ ಹೊಸ ಬಡಾವಣೆಗಳು ಎಷ್ಟೋ ಕಡೆ ಈ ಪಟ್ಟಿಯಲ್ಲಿ ಬರುವುದಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. 2025ರ ಜುಲೈನಲ್ಲಿ ಬಂದ ಕಾನೂನು ಇದಕ್ಕೆ ಕೊನೆ ದಿನವನ್ನೂ ಹಾಕಿದೆ: 2026ರ ಜೂನ್ 30. ಅಷ್ಟರೊಳಗೆ ಚಾರ್ಜರ್ ಹಾಕಿಸಿ ಬಳಕೆಗೆ ಬಂದಿರಬೇಕು, ಬರೀ ಆರ್ಡರ್ ಕೊಟ್ಟರೆ ಸಾಲದು. ಅರ್ಜಿ ನಮೂನೆಯ ಸಂಖ್ಯೆ 8911.

ಪ್ರಶ್ನೆ: "ಕೇಂದ್ರ ಸರ್ಕಾರದ ಮನೆ ಚಾರ್ಜರ್ ಸಬ್ಸಿಡಿ, 1,999 ಕಟ್ಟಿ ನೋಂದಣಿ ಮಾಡಿಸಿ" ಅಂತ ಫೋನ್ ಬಂತು. ಕಟ್ಟಬಹುದಾ? ಇಲ್ಲದಿದ್ದರೆ ಮಾಮೂಲಿ ಪ್ಲಗ್‌ಗೇ ಹಾಕಿಬಿಡಲಾ? (ಹಾಸನ)

ಕಟ್ಟಬೇಡಿ. ಅಂಥ ಯೋಜನೆಯೇ ಇಲ್ಲ ಎಂದು ಮೇಲೆ ಹೇಳಿದೆನಲ್ಲ.

ಪ್ಲಗ್ ವಿಷಯಕ್ಕೆ ಬಂದರೆ, ನಾನೇ ಕೈ ಸುಟ್ಟುಕೊಂಡವನು. ನಮ್ಮ ಮನೆಯ ಮೊದಲ ಕಾರನ್ನು ವಾಷಿಂಗ್ ಮಷೀನ್ ಇದ್ದ ಸಾಕೆಟ್‌ಗೆ ಹಾಕಿದ್ದೆ. ಐದನೇ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಸಾಕೆಟ್ ಕರಗಿ ಪ್ಲಗ್ ಅಂಟಿಕೊಂಡಿತ್ತು. ವಾಷಿಂಗ್ ಮಷೀನ್ ನೀರು ಬಿಸಿ ಮಾಡುವಾಗ ಸ್ವಲ್ಪ ಹೊತ್ತು ಜಾಸ್ತಿ ಕರೆಂಟು ಎಳೆದು ಸುಮ್ಮನಾಗುತ್ತದೆ. ಕಾರು 3.3 ಕಿಲೋವ್ಯಾಟ್ ಎಳೆಯುತ್ತಾ ಎಂಟೊಂಬತ್ತು ಗಂಟೆ ಬಿಡುವುದೇ ಇಲ್ಲ. ಹಳೆಯ ಮನೆಯ ತಂತಿಗೆ, ಸಡಿಲ ಸ್ಕ್ರೂಗೆ ಅದು ತಡೆಯುವುದಿಲ್ಲ.

16 ಆಂಪಿಯರ್ ಸಾಕೆಟ್ ಸಾಕು, ಆದರೆ ಅದು ಕಾರಿಗೆ ಮಾತ್ರ ಇರಲಿ. ಬೋರ್ಡಿನಿಂದ ಬೇರೆ ಲೈನ್ ಎಳೆಸಿ. 7 ಕಿಲೋವ್ಯಾಟ್ ಗೋಡೆ ಚಾರ್ಜರ್ ಆದರೆ ಕಡಿಮೆಯೆಂದರೂ 6 ಚದರ ಮಿಲಿಮೀಟರ್ ತಾಮ್ರದ ತಂತಿ, ದೂರ ಜಾಸ್ತಿಯಿದ್ದರೆ ಇನ್ನೂ ದಪ್ಪ. ಅದಕ್ಕೇ ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿಮೀರಿದರೆ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು). ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜನ್ನೇ ತಗೊಳ್ಳುವುದಿಲ್ಲ, ಆಮೇಲೆ ಕಾರು ಕೆಟ್ಟಿದೆ ಅಂತ ಶೋರೂಮಿಗೆ ಓಡುತ್ತೀರಿ. ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ ತೆಗೆದು ನೋಡಿ. 2 ಕಿಲೋವ್ಯಾಟ್ ಮನೆಯಲ್ಲಿ 7 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ ದಂಡ ಕಟ್ಟಿದವರ ಪತ್ರ ಕೂಡ ನನ್ನ ಮೇಜಿನ ಮೇಲಿದೆ. ಕರೆ ಮಾಡಿದವನಿಗೆ ಕೊಡಬೇಕೆಂದಿದ್ದ 1,999ನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಕೊಟ್ಟು ಅರ್ಥಿಂಗ್ ಪರೀಕ್ಷೆ ಮಾಡಿಸಿ.