ಡೀಸೆಲ್ ಪಿಕಪ್‌ಗೆ ಹತ್ತಿಬಟ್ಟೆಯ ಏರ್ ಫಿಲ್ಟರ್ ಹಾಕಿಸಿದರೆ ಎಳೆತ ಹೆಚ್ಚುತ್ತದೆಯೇ?

ಮೂಡಿಗೆರೆ ಕಡೆಯವರಾದ ನೀವು ಕೇಳಿರುವುದು ಇದು: ನಿಮ್ಮ ಟರ್ಬೊ ಡೀಸೆಲ್ ಪಿಕಪ್ ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಮೊದಲಿನಂತೆ ಎಳೆಯುತ್ತಿಲ್ಲ, ಕಪ್ಪು ಹೊಗೆಯನ್ನೂ ಬಿಡುತ್ತಿದೆ; ಕಂಪನಿಯ ಕಾಗದದ ಏರ್ ಫಿಲ್ಟರ್ ತೆಗೆದು, ತೊಳೆದು ಮತ್ತೆ ಬಳಸಬಹುದಾದ, ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿದರೆ ಶಕ್ತಿಯೂ ಮೈಲೇಜೂ ಹೆಚ್ಚುತ್ತವೆ ಎಂದು ಬಿಡಿಭಾಗದ ಅಂಗಡಿಯವರು ಹೇಳಿದ್ದಾರೆ, ಹಾಕಿಸಬಹುದೇ? ಹಾಕಿಸಬೇಡಿ ಎಂಬುದು ನನ್ನ ಉತ್ತರ. ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ ಇಟ್ಟುಕೊಂಡು ಹದಿನಾಲ್ಕು ವರ್ಷಗಳಿಂದ ಪಿಕಪ್ ಓಡಿಸುತ್ತಿದ್ದೇನೆ. ಅಂತಹ ಫಿಲ್ಟರನ್ನು ಒಂದು ಕೊಯ್ಲಿನ ಕಾಲವಿಡೀ ಬಳಸಿ ನೋಡಿದ ಮೇಲೆಯೇ ಹೀಗೆ ಹೇಳುತ್ತಿದ್ದೇನೆ.

ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಮೊದಲು ಗಮನಿಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿ ಶಕ್ತಿಯನ್ನು ಹಿಡಿತದಲ್ಲಿಡುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಎಷ್ಟೆಂಬುದನ್ನು ನಿರ್ಧರಿಸುವುದು ಇಂಜೆಕ್ಟರ್ ಸಿಂಪಡಿಸುವ ಡೀಸೆಲ್ಲಿನ ಪ್ರಮಾಣ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ, ಅಂದರೆ ಹತ್ತು ಸಾವಿರ ಲೀಟರಿಗೂ ಮಿಕ್ಕಿದ ಗಾಳಿ ಬೇಕು. ಆದರೆ ಈ ಎಂಜಿನ್ ಸಾಮಾನ್ಯವಾಗಿ ಅದಕ್ಕಿಂತಲೂ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರ್ ಚೊಕ್ಕಟವಾಗಿದ್ದರೆ ಗಾಳಿಗೆ ಅದು ಒಡ್ಡುವ ತಡೆ ಬಹಳ ಕಡಿಮೆ, ಆ ಅಲ್ಪಸ್ವಲ್ಪ ತಡೆಯನ್ನು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತಾನೇ ಸರಿದೂಗಿಸಿಕೊಳ್ಳುತ್ತದೆ. ಹೀಗಿರುವಾಗ ಗಾಳಿಯ ದಾರಿಯನ್ನು ಇನ್ನಷ್ಟು ಸಲೀಸು ಮಾಡಿದರೂ ಡೀಸೆಲ್ ಮೊದಲಿನಷ್ಟೇ ಬೀಳುವುದರಿಂದ ಎಳೆತ ಹೆಚ್ಚುವುದಿಲ್ಲ. ಹೊಸ ಫಿಲ್ಟರ್ ಹಾಕಿದ ಕೂಡಲೇ ಗಾಡಿ ಹಗುರವಾಗಿ ಓಡಿತು ಎಂದು ಯಾರಾದರೂ ಹೇಳಿದರೆ, ಅವರು ತೆಗೆದುಹಾಕಿದ ಹಳೆಯ ಫಿಲ್ಟರ್ ಧೂಳು ಕಟ್ಟಿ ಮುಚ್ಚಿಹೋಗಿತ್ತು ಎಂದು ತಿಳಿಯಬೇಕು. ಹೊಸ ಕಾಗದದ ಫಿಲ್ಟರ್ ಹಾಕಿದ್ದರೂ ಅದೇ ವ್ಯತ್ಯಾಸ ಕಾಣುತ್ತಿತ್ತು.

ನಮ್ಮ ಸೀಮೆಯ ಧೂಳಿನ ಮಾತು ಇದಕ್ಕಿಂತ ಮುಖ್ಯವಾದದ್ದು. ಡಿಸೆಂಬರಿನಿಂದ ಮಾರ್ಚಿಯವರೆಗೆ, ಮಳೆ ನಿಂತು ತೋಟದ ಕೆಮ್ಮಣ್ಣಿನ ದಾರಿ ಹಿಟ್ಟಿನಂತಾಗಿರುವಾಗ, ಮುಂದೆ ಒಂದು ಟ್ರ್ಯಾಕ್ಟರ್ ಹೋದರೆ ಹಿಂದಿನ ಗಾಡಿಯವನಿಗೆ ದಾರಿಯೇ ಕಾಣುವುದಿಲ್ಲ. ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಗೆ ಇಳಿದರಂತೂ ವರ್ಷದ ಬಹುಪಾಲು ಇದೇ ಪಾಡು. ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಾಮಾನ್ಯ ಉಕ್ಕಿಗಿಂತ ಗಟ್ಟಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ, ಪಿಸ್ಟನ್ನಿನ ರಿಂಗ್ ಮತ್ತು ಅದು ಓಡಾಡುವ ಬೋರನ್ನು ಹೆಚ್ಚು ಸವೆಸುವುದು ಅದರ ಹತ್ತನೆಯ ಒಂದು ಭಾಗದಷ್ಟು ಸಣ್ಣದಾದ, ಕಣ್ಣಿಗೆ ಬೀಳದ ಕಣಗಳು. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ: ಒಂದು ಫಿಲ್ಟರ್ ಶೇ. 99.5ರಷ್ಟು ಧೂಳನ್ನು ಹಿಡಿಯುತ್ತದೆ, ಇನ್ನೊಂದು ಶೇ. 98ರಷ್ಟನ್ನು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಕೇಳುವಾಗ ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತದೆ. ಆದರೆ ನೂರು ಗ್ರಾಂ ಧೂಳು ಬಂದಾಗ ಮೊದಲನೆಯದು ಅರ್ಧ ಗ್ರಾಂ ಬಿಡುತ್ತದೆ, ಎರಡನೆಯದು ಎರಡು ಗ್ರಾಂ ಬಿಡುತ್ತದೆ. ಎಂಜಿನ್ನಿನ ಹೊಟ್ಟೆಗೆ ಹೋಗುವ ಮಣ್ಣು ನಾಲ್ಕು ಪಟ್ಟಾಯಿತು. ಏರ್ ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಮಾನದಂಡವಿದೆ. ಯಾವುದೇ ಫಿಲ್ಟರ್ ಕೊಳ್ಳುವ ಮುನ್ನ ಆ ಪರೀಕ್ಷೆಯ ಪ್ರಕಾರ ಅದು ಧೂಳನ್ನು ಶೇಕಡ ಎಷ್ಟು ಹಿಡಿಯುತ್ತದೆ ಎಂದು ಕೇಳಿ. ಗಾಳಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಒಂದನ್ನೇ ಹೇಳಿ ಉಳಿದದ್ದನ್ನು ಹೇಳದಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ.

ನನ್ನ ಗಾಡಿಗೆ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿದ್ದು ಒಂದು ಅರೇಬಿಕಾ ಕೊಯ್ಲಿನ ಆರಂಭದಲ್ಲಿ. ಗಾಳಿ ಎಳೆದುಕೊಳ್ಳುವ ಶಬ್ದ ಜೋರಾಯಿತು, ಆ ಶಬ್ದವನ್ನೇ ನಾನು ಶಕ್ತಿ ಎಂದು ನಂಬಿದೆ. ಮೂರು ತಿಂಗಳು ತೋಟದ ದಾರಿಯಲ್ಲಿ ಓಡಿಸಿ, ಒಣಗಿದ ಕಾಫಿಯನ್ನು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸಿ ಮುಗಿಸಿದ ಮೇಲೆ, ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಕಳಚಿ ಒಳಗಡೆ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಜಿಡ್ಡು ಮೂಡಿತು. ಅದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿದರೆ ಸಣ್ಣ ರವೆಯಂತೆ ಗರಗರ ಎನ್ನುತ್ತಿತ್ತು. ಫಿಲ್ಟರಿನ ಒಳಮಗ್ಗುಲಿಗೆ ಅಷ್ಟು ಮಣ್ಣು ಬಂದಿದ್ದನ್ನು ಕಂಡು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಪೈಪ್ ಕಳಚಿದ್ದರಿಂದ ಟರ್ಬೊ ಚಕ್ರವೂ ಕಾಣುತ್ತಿತ್ತು. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಆ ಚಕ್ರದ ರೆಕ್ಕೆಗಳ ಅಂಚು ಹೊಸದರಲ್ಲಿ ಚೂಪಾಗಿರುತ್ತದೆ, ನನ್ನದು ಬೆರಳಿಗೆ ಮೊಂಡಾಗಿ ಸಿಕ್ಕಿತು. ಅದೇ ಸಮಯದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪವೂ ಹೊತ್ತಿಕೊಂಡಿತ್ತು, ಏಕೆಂದರೆ ತೊಳೆದ ಮೇಲೆ ನಾನು ಹಚ್ಚಿದ ಎಣ್ಣೆ ಹೆಚ್ಚಾಗಿ, ಗಾಳಿಯನ್ನು ಅಳೆಯುವ ಸೆನ್ಸರಿನ ಬಿಸಿ ತಂತಿಯ ಮೇಲೆ ಪದರದಂತೆ ಕೂತಿತ್ತು. ಆ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೆ ಡೀಸೆಲ್ಲಿನ ಲೆಕ್ಕವೂ ತಪ್ಪುತ್ತದೆ. 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಹೊಗೆ ನಿಯಮದ ಗಾಡಿ ನಿಮ್ಮದಾಗಿದ್ದರೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅವುಗಳಲ್ಲಿ ಹೊಗೆ ಶುದ್ಧಿ ಮಾಡುವ ವ್ಯವಸ್ಥೆಯೆಲ್ಲ ಸೆನ್ಸರುಗಳ ಮಾತನ್ನೇ ನಂಬಿ ನಡೆಯುತ್ತದೆ, ವಾರಂಟಿಯ ತಕರಾರೂ ಏಳಬಹುದು.

ಹಾಗಾದರೆ ಘಾಟಿಯಲ್ಲಿ ಎಳೆತ ಏಕೆ ಕುಗ್ಗಿತು ಎಂಬ ನಿಮ್ಮ ಅಸಲು ತೊಂದರೆಗೆ ಬರೋಣ. ಕಪ್ಪು ಹೊಗೆ ಎಂದರೆ ಬಿದ್ದ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದು. ಈಗಿರುವ ಫಿಲ್ಟರನ್ನು ತೆಗೆದು ನೋಡಿ, ಅದು ಕಟ್ಟಿಕೊಂಡಿದ್ದರೆ ಅಲ್ಲಿಗೇ ಉತ್ತರ ಸಿಗಬಹುದು. ಅದು ಚೆನ್ನಾಗಿದ್ದರೆ, ಟರ್ಬೊದಿಂದ, ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ಪೈಪುಗಳನ್ನು ಕೈಯಿಂದ ಬಾಗಿಸಿ ನೋಡಬೇಕು. ನಮ್ಮ ಗುಂಡಿಬಿದ್ದ ದಾರಿಗಳಲ್ಲಿ ಎಂಜಿನ್ ಅಲುಗಿ ಅಲುಗಿ ಈ ರಬ್ಬರ್ ಪೈಪುಗಳು ಕ್ಲಿಪ್ಪಿನ ಹತ್ತಿರ ಸೀಳುತ್ತವೆ, ಮತ್ತು ಎಂಜಿನ್ ನಿಂತಿರುವಾಗ ಮುಚ್ಚಿಕೊಂಡೇ ಇರುವ ಸೀಳು ಲೋಡಿನಲ್ಲಿ ಗಾಳಿಯ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಘಾಟಿಯಲ್ಲಿ ಉಸ್ ಎಂಬ ಸದ್ದು, ಕಪ್ಪು ಹೊಗೆ, ಎಳೆತವಿಲ್ಲದಿರುವುದು, ಇವು ಮೂರೂ ಒಟ್ಟಿಗೆ ಇದ್ದರೆ ನಾನು ಮೊದಲು ಸಂಶಯಪಡುವುದು ಈ ಸೀಳನ್ನೇ. ಪೈಪಿನ ಹೊರಗೆ ಎಣ್ಣೆಮಸಿ ಅಂಟಿದ ಜಾಗವೇ ಅದರ ಗುರುತು. ಆಮೇಲೆ ಮಸಿ ಕಟ್ಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಕವಾಟ), ಕೊನೆಗೆ ಇಂಜೆಕ್ಟರ್. ಹೊಗೆಯಿಲ್ಲದೆ ಬರೀ ಎಳೆತ ಕುಗ್ಗಿದ್ದರೆ ಡೀಸೆಲ್ ಫಿಲ್ಟರ್ ನೋಡಬೇಕಾಗುತ್ತಿತ್ತು. ಮೂಡಿಗೆರೆ, ಚಿಕ್ಕಮಗಳೂರಿನಂತಹ ಸುಮಾರು 1,000 ಮೀಟರ್ ಎತ್ತರದ ಊರುಗಳಲ್ಲಿ ಗಾಳಿಯು ಮಂಗಳೂರಿಗಿಂತ ಶೇ. 10ರಷ್ಟು ತೆಳುವಾಗಿರುವುದರಿಂದ, ಕೆಳಗೆ ಗೊತ್ತಾಗದ ಇಂತಹ ಸಣ್ಣ ಸೋರಿಕೆ ಮೇಲೆ ಬಂದಂತೆ ಗೊತ್ತಾಗುತ್ತದೆ.

ಫಿಲ್ಟರಿಗೆಂದು ತೆಗೆದಿಟ್ಟ ಹಣವನ್ನು ಗಾಳಿಯ ದಾರಿಗೇ ಹಾಕಬೇಕೆಂದಿದ್ದರೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಜಾಗಗಳಿವೆ. ನಾನು ಕಂಪನಿಯ ಕಾಗದದ ಫಿಲ್ಟರಿಗೇ ಮರಳಿ, ಡಬ್ಬಿಯ ಮುಚ್ಚಳದ ಸಡಿಲವಾದ ಕ್ಲಿಪ್ಪುಗಳನ್ನೂ ರಬ್ಬರ್ ಗಡುಸಾಗಿಹೋಗಿದ್ದ ಪೈಪನ್ನೂ ಬದಲಿಸಿದೆ. ಫಿಲ್ಟರ್ ಎಷ್ಟೇ ಒಳ್ಳೆಯದಾದರೂ ಅದರ ರಬ್ಬರ್ ಅಂಚು ಡಬ್ಬಿಗೆ ಸರಿಯಾಗಿ ಕೂರದಿದ್ದರೆ ಧೂಳು ಪಕ್ಕದಿಂದ ನುಸುಳುತ್ತದೆ. ಟ್ರ್ಯಾಕ್ಟರುಗಳ ಮೇಲೆ ನೀವು ನೋಡಿರುವ, ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಬೇರ್ಪಡಿಸುವ ಪ್ರೀ-ಕ್ಲೀನರ್ ಬಟ್ಟಲನ್ನು ಗಾಳಿ ಒಳಬರುವ ಬಾಯಿಗೆ ಹೊಂದಿಸಿದೆ. ಅದು ನಿಮ್ಮ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಬಿಡುವ ಅಳತೆಯದ್ದೇ ಆಗಿರಬೇಕು. ಅದರ ಬಟ್ಟಲಿನಿಂದ ವಾರಕ್ಕೊಮ್ಮೆ ಕೊಡವುವ ಹಿಡಿ ಮಣ್ಣು ಮೊದಲು ಫಿಲ್ಟರಿನ ಮೇಲೆಯೇ ಕೂರುತ್ತಿತ್ತು. ಜೊತೆಗೆ ಫಿಲ್ಟರಿನ ಆಚೆಯ ಪೈಪಿಗೆ ಗಾಳಿ ಎಳೆದುಕೊಳ್ಳಲು ಎಂಜಿನ್ ಎಷ್ಟು ಒತ್ತಡ ಹಾಕುತ್ತಿದೆ ಎಂದು ತೋರಿಸುವ ಸಣ್ಣ ಗೇಜ್ ಹಾಕಿದ್ದೇನೆ. ಭಾರೀ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 25 ಇಂಚು ನೀರಿನ ಮಟ್ಟವನ್ನು (ಅಷ್ಟು ಎತ್ತರಕ್ಕೆ ನೀರನ್ನು ಮೇಲೆಳೆಯುವಷ್ಟು ಒತ್ತಡವನ್ನು) ಮಿತಿಯೆಂದು ಇಟ್ಟುಕೊಳ್ಳುತ್ತಾರೆ. ಪಿಕಪ್ ಅಷ್ಟು ಭಾರೀ ಎಂಜಿನ್ನಿನದಲ್ಲವಾದ್ದರಿಂದ ನಾನು ಅದಕ್ಕೆ ಬಹಳ ಮೊದಲೇ ಫಿಲ್ಟರ್ ಬದಲಿಸುತ್ತೇನೆ.

ವಾರಕ್ಕೊಮ್ಮೆ ಡಬ್ಬಿ ತೆರೆದು ಫಿಲ್ಟರನ್ನು ಟೈರಿಗೆ ಬಡಿಯುವ, ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹತ್ತಿರ ಹಿಡಿದು ಜೋರಾಗಿ ಊದಿಸುವ ಅಭ್ಯಾಸವನ್ನು ನಮ್ಮವರು ಬಿಡಲೇಬೇಕು. ಬಡಿದರೆ ಅಂಚು ಸೊಟ್ಟಗಾಗುತ್ತದೆ, ಊದಿಸಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ತೆರೆದಾಗಲೆಲ್ಲ ಸ್ವಲ್ಪ ಮಣ್ಣು ಒಳಮಗ್ಗುಲಿಗೆ ಉದುರುತ್ತದೆ. ತೆಳುವಾಗಿ ಧೂಳು ಕೂತ ಕಾಗದವು ಹೊಸದಕ್ಕಿಂತ ಚೆನ್ನಾಗಿಯೇ ಧೂಳು ಹಿಡಿಯುತ್ತದೆ, ಆದ್ದರಿಂದ ನೋಡಲು ಕೆಂಪಾಗಿದೆ ಎಂಬ ಒಂದೇ ಕಾರಣಕ್ಕೆ ಮುಟ್ಟಬಾರದು. ಮಳೆಗಾಲದ ಕಥೆ ಬೇರೆ. ಜೂನ್ ಶುರುವಾಗುವ ಮೊದಲು ಒಮ್ಮೆ ತೆರೆದು, ಡಬ್ಬಿಯ ತಳದಲ್ಲಿ ನೀರು ಹೋಗುವ ತೂತು ಎಲೆ-ಮಣ್ಣಿನಿಂದ ಮುಚ್ಚಿದೆಯೇ ಎಂದು ನೋಡಿ. ಒಂದು ವರ್ಷ ನನ್ನ ಡಬ್ಬಿಯಲ್ಲಿ ಇಲಿ ಒಣಹುಲ್ಲು, ಗೋಣಿಯ ನಾರು ಸೇರಿಸಿ ಗೂಡು ಕಟ್ಟಿತ್ತು. ನೆಂದು ಮೆತ್ತಗಾದ ಕಾಗದದ ಫಿಲ್ಟರನ್ನು ಒಣಗಿಸಿ ಮತ್ತೆ ಹಾಕಬೇಡಿ.

ಹಣ ಕೊಡುವ ಮೊದಲು ನಿಮ್ಮ ಗಾಡಿಯಲ್ಲೂ ಬಿಳಿ ಬಟ್ಟೆಯ ಪರೀಕ್ಷೆ ಮಾಡಿ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪನ್ನು ಕಳಚಿ ಒಳಗೆ ಒರೆಸಿರಿ. ಬಟ್ಟೆ ಚೊಕ್ಕಟವಾಗಿದ್ದರೆ ಅಥವಾ ಬರೀ ಕಪ್ಪೆಣ್ಣೆಯ ತೆಳು ಗೆರೆ ಬಂದರೆ ಈಗಿರುವ ಫಿಲ್ಟರ್ ಧೂಳು ಹಿಡಿಯುವ ಕೆಲಸವನ್ನು ಸರಿಯಾಗಿ ಮಾಡುತ್ತಿದೆ, ಮೆಕ್ಯಾನಿಕ್ಕಿನ ಹತ್ತಿರ ಇಂಟರ್‌ಕೂಲರ್ ಪೈಪುಗಳನ್ನು ಮಾತ್ರ ಒತ್ತಡ ಕೊಟ್ಟು ಪರೀಕ್ಷಿಸಲು ಹೇಳಿ. ಬಟ್ಟೆಗೆ ಕೆಂಪು ಹತ್ತಿದರೆ ಡಬ್ಬಿಯ ಕ್ಲಿಪ್ ಮತ್ತು ರಬ್ಬರ್ ಸರಿಪಡಿಸುವವರೆಗೆ ತೋಟದ ದಾರಿಯಲ್ಲಿ ಗಾಡಿ ಓಡಿಸಬೇಡಿ, ಮುಂದಿನ ಸಲ ಎಂಜಿನ್ ಆಯಿಲ್ಲನ್ನು ಅವಧಿಗಿಂತ ಮುಂಚೆಯೇ ಬದಲಿಸಿ. ಬಟ್ಟೆಯಲ್ಲಿ ಕಂಡದ್ದನ್ನು ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.