ಲಿಬರ್ಟೇರಿಯನ್ನರು ದೊಡ್ಡ ಪಕ್ಷ ಸೇರಬೇಕೆ, ಸ್ವಂತ ಪಕ್ಷ ಕಟ್ಟಬೇಕೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ತೆರಿಗೆ ಕಡಿಮೆ ಇರಬೇಕು, ಜನರ ಖಾಸಗಿ ಬದುಕಿನಲ್ಲಿ ಸರ್ಕಾರ ಮೂಗು ತೂರಿಸಬಾರದು ಎನ್ನುವ ಲಿಬರ್ಟೇರಿಯನ್ ನಾನು. ಕನ್ಸರ್ವೇಟಿವ್ ಪಕ್ಷ ಸೇರೋಣ ಎಂದುಕೊಂಡರೆ, 'ಅವರು ನಿಮ್ಮಂಥವರನ್ನು ಬಳಸಿಕೊಂಡು ಕೈಬಿಡುತ್ತಾರೆ, ಬೇರೆಯೇ ಪಕ್ಷ ಕಟ್ಟಿ' ಎಂದು ಸ್ನೇಹಿತರು ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಸೇರಿ. ಆದರೆ ಇಡೀ ಪಕ್ಷವನ್ನೇ ಲಿಬರ್ಟೇರಿಯನ್ ಮಾಡಿಬಿಡುತ್ತೇನೆ ಎಂದು ಹೊರಡಬೇಡಿ. ಒಂದೇ ಒಂದು ವಿಷಯ ಹಿಡಿದು ಹೋಗಿ.

ಬೇರೆ ಪಕ್ಷದ ಲೆಕ್ಕ ಬೇಗ ಮುಗಿಯುತ್ತದೆ. 2008ರಲ್ಲಿ ಹುಟ್ಟಿದ ಲಿಬರ್ಟೇರಿಯನ್ ಪಕ್ಷ ಒಂದೂ ಪಾರ್ಲಿಮೆಂಟ್ ಸೀಟು ಗೆದ್ದಿಲ್ಲ. ಅಲ್ಲಿ ಅಭ್ಯರ್ಥಿಯ ಠೇವಣಿ 500 ಪೌಂಡ್. ಶೇ 5ರಷ್ಟು ಮತ ಬಾರದಿದ್ದರೆ ಅದು ಹೋದ ಹಾಗೆ. ನಮ್ಮಲ್ಲಿನಂತೆ ಅಲ್ಲಿಯೂ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರದೇ ಗೆಲುವು. 2015ರಲ್ಲಿ, ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ ಯುಕಿಪ್ ಪಕ್ಷ ಸುಮಾರು 39 ಲಕ್ಷ ಮತ ಪಡೆದೂ ಗೆದ್ದದ್ದು ಒಂದು ಸೀಟು. ಅದನ್ನು ಗೆದ್ದ ಡಗ್ಲಸ್ ಕಾರ್ಸ್‌ವೆಲ್ ಕೂಡ ಕನ್ಸರ್ವೇಟಿವ್ ಪಕ್ಷದಲ್ಲಿ ಬೆಳೆದು ಬಂದವರೇ.

ಹಾಗೆಂದು ನಿಮ್ಮ ಸ್ನೇಹಿತರ ಮಾತು ಸುಳ್ಳಲ್ಲ. ಎಂಬತ್ತರ ದಶಕದಲ್ಲಿ ಕನ್ಸರ್ವೇಟಿವ್ ವಿದ್ಯಾರ್ಥಿ ಒಕ್ಕೂಟ ಲಿಬರ್ಟೇರಿಯನ್ನರ ಕೈಗೆ ಬಂತು. ಅವರ ಗದ್ದಲ ತಾಳಲಾರದೆ 1986ರಲ್ಲಿ ಪಕ್ಷದ ಅಧ್ಯಕ್ಷ ನಾರ್ಮನ್ ಟೆಬಿಟ್ ಒಕ್ಕೂಟವನ್ನೇ ಮುಚ್ಚಿದರು. ಆಗಿನ ಪ್ರಧಾನಿ ಥ್ಯಾಚರ್ ಅವರಿಗೆ ಹತ್ತಿರದವರೆನಿಸಿಕೊಂಡ ಟೆಬಿಟ್ಟೇ ಮುಚ್ಚಿದ್ದು ಎಂಬುದನ್ನು ಗಮನಿಸಿ. ಥ್ಯಾಚರ್ ಸರ್ಕಾರ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 83ರಿಂದ 60ಕ್ಕೆ, 1988ರಲ್ಲಿ 40ಕ್ಕೆ ಇಳಿಸಿತು. ವಿದೇಶಿ ವಿನಿಮಯದ ನಿರ್ಬಂಧಗಳನ್ನು 1979ರಲ್ಲೇ ಕಿತ್ತುಹಾಕಿತು. ಆದರೆ ಅದೇ 1988ರಲ್ಲಿ, ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮವನ್ನು 'ಉತ್ತೇಜಿಸಬಾರದು' ಎಂಬ ಸೆಕ್ಷನ್ 28 ಕೂಡ ತಂದಿತು. ದುಡ್ಡಿನ ವಿಷಯದಲ್ಲಿ ನಿಮ್ಮ ಮಾತು ಕೇಳುತ್ತಾರೆ, ಬದುಕಿನ ವಿಷಯದಲ್ಲಿ ಕೇಳುವುದಿಲ್ಲ. ಈಗಲೂ ಅಷ್ಟೇ. 2009ರಿಂದೀಚೆಗೆ ಹುಟ್ಟಿದವರಿಗೆ ಎಂದೆಂದಿಗೂ ಸಿಗರೇಟು ಮಾರಬಾರದು ಎಂಬ ಮಸೂದೆ ತಂದವರು ಆಗಿನ ಕನ್ಸರ್ವೇಟಿವ್ ಪ್ರಧಾನಿ ರಿಷಿ ಸುನಕ್. 2024ರ ಏಪ್ರಿಲ್‌ನಲ್ಲಿ ಅದಕ್ಕೆ ವಿರುದ್ಧ ಮತ ಹಾಕಿದ ಅವರ ಸಂಸದರು 57 ಮಂದಿ.

ಇನ್ನು ಥ್ಯಾಚರ್ ಕಾಲದ ತೆರಿಗೆ ಕಡಿತ ಪಕ್ಷದೊಳಗೇ ಹುಟ್ಟಿದ್ದಲ್ಲ. ಯುದ್ಧ ಮುಗಿದ ಹೊಸದರಲ್ಲಿ ಆಂಟನಿ ಫಿಶರ್ ಎಂಬ ಮಾಜಿ ಪೈಲಟ್ ರಾಜಕೀಯಕ್ಕೆ ಇಳಿಯಬೇಕೆಂದು ಅರ್ಥಶಾಸ್ತ್ರಜ್ಞ ಹಯೆಕ್ ಅವರಲ್ಲಿ ಸಲಹೆ ಕೇಳಿದರು. ಬೇಡ, ಮೊದಲು ಓದುವ ಬರೆಯುವ ಜನರ ಅಭಿಪ್ರಾಯ ಬದಲಾಯಿಸಿ ಎಂದರು ಹಯೆಕ್. ಫಿಶರ್ 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಸ್ಥಾಪಿಸಿದರು. ಅದರ ವಿಚಾರಗಳು ಅಧಿಕಾರದ ಮೇಜಿಗೆ ಬರಲು ಕಾಲು ಶತಮಾನವೇ ಬೇಕಾಯಿತು.

ಆ ಪೂರ್ವತಯಾರಿ ಇಲ್ಲದೆ ಪಕ್ಷವನ್ನು ಗೆದ್ದರೆ ಏನಾಗುತ್ತದೆ ಎಂಬುದಕ್ಕೆ ಮಾಜಿ ಪ್ರಧಾನಿ ಲಿಜ್ ಟ್ರಸ್ ಇದ್ದಾರೆ. 2022ರಲ್ಲಿ ಪಕ್ಷದ ಸದಸ್ಯರು ಆರಿಸಿದರು; ಅವರ ತೆರಿಗೆ ಕಡಿತವನ್ನು ಸಂಸದರೂ ಮಾರುಕಟ್ಟೆಯೂ ಒಪ್ಪಲಿಲ್ಲ; 49 ದಿನಕ್ಕೆ ಅಧಿಕಾರ ಮುಗಿಯಿತು. ಅದನ್ನು ಲಿಬರ್ಟೇರಿಯನ್ ಪ್ರಯೋಗ ಎನ್ನುವುದೇ ನನಗೆ ಒಪ್ಪಿಗೆಯಿಲ್ಲ. ತೆರಿಗೆ ಇಳಿಸುವ ಸರ್ಕಾರವೇ ಮನೆಮನೆಯ ಗ್ಯಾಸು, ಕರೆಂಟಿನ ಬಿಲ್ಲಿಗೆ ಭಾರೀ ಸಬ್ಸಿಡಿ ಘೋಷಿಸಿತ್ತು. ಖರ್ಚು ಎಲ್ಲಿ ಕಡಿಮೆ ಮಾಡುತ್ತೇವೆಂದು ಹೇಳಲೇ ಇಲ್ಲ. ಆದರೂ ಕೆಟ್ಟ ಹೆಸರು ಬಂದದ್ದು ನಿಮ್ಮ ವಿಚಾರಕ್ಕೆ.

ಗೆದ್ದ ಉದಾಹರಣೆ ಬೇಕೆಂದರೆ ಗುರುತಿನ ಚೀಟಿಯದು. ಆಧಾರ್ ಕಾರ್ಡಿಗೆ ಒಗ್ಗಿಹೋದ ನಮಗೆ ಇದೇನು ಇಷ್ಟು ಗಲಾಟೆ ಎನ್ನಿಸಬಹುದು, ಇರಲಿ. ಲೇಬರ್ ಪಕ್ಷದ ಬ್ಲೇರ್ ಸರ್ಕಾರ 2006ರಲ್ಲಿ ಗುರುತಿನ ಚೀಟಿಗೂ ರಾಷ್ಟ್ರೀಯ ದತ್ತಾಂಶ ಕೋಶಕ್ಕೂ ಕಾನೂನು ಮಾಡಿತು. ಪಕ್ಷಾತೀತವಾಗಿ ಚಳವಳಿ ಹೊರಗೆ ನಡೆಯಿತು. ಅದರ ಬೇಡಿಕೆಯನ್ನು ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಪಕ್ಷಗಳೆರಡೂ ತಮ್ಮದಾಗಿಸಿಕೊಂಡವು. 2010ರಲ್ಲಿ ಇಬ್ಬರೂ ಸೇರಿ ಸರ್ಕಾರ ಮಾಡಿದಾಗ ಆ ಕಾನೂನು ರದ್ದಾಯಿತು, ಸಂಗ್ರಹಿಸಿದ ಮಾಹಿತಿಯೂ ನಾಶವಾಯಿತು. ವಿಷಯ ಒಂದು, ಬೇಡಿಕೆ ಸ್ಪಷ್ಟ, ಜನ ಎರಡೂ ಪಕ್ಷಗಳಲ್ಲಿ. 2025ರಲ್ಲಿ ಲೇಬರ್ ಪಕ್ಷದ ಸ್ಟಾರ್ಮರ್ ಸರ್ಕಾರ ಡಿಜಿಟಲ್ ಗುರುತಿನ ಚೀಟಿ ಘೋಷಿಸಿದಾಗಲೂ ಈ ಎರಡು ಪಕ್ಷಗಳು ವಿರೋಧಕ್ಕೆ ನಿಂತವು.

ನನ್ನನ್ನು ಕೇಳಿದರೆ ವೆಸ್ಟ್‌ಮಿನ್‌ಸ್ಟರ್‌ಗಿಂತ, ಅಂದರೆ ಪಾರ್ಲಿಮೆಂಟಿಗಿಂತ ಮೊದಲು ನಿಮ್ಮೂರಿನ ಕೌನ್ಸಿಲ್ ನೋಡಿ. 1947ರ ನಗರ ಯೋಜನಾ ಕಾಯ್ದೆಯ ನಂತರ ಅಲ್ಲಿ ಸ್ವಂತ ಜಾಗದಲ್ಲೂ ಅನುಮತಿಯಿಲ್ಲದೆ ಮನೆ ಕಟ್ಟುವಂತಿಲ್ಲ. ದೊಡ್ಡ, ವಿವಾದದ ಅರ್ಜಿಗಳು ಕೌನ್ಸಿಲರುಗಳ ಪ್ಲಾನಿಂಗ್ ಕಮಿಟಿಗೆ ಹೋಗುತ್ತವೆ. ಆಸ್ತಿ ಹಕ್ಕಿನ ಬಗ್ಗೆ ಭಾಷಣ ಮಾಡುವ ಎಷ್ಟೋ ಕನ್ಸರ್ವೇಟಿವ್, ಲಿಬರಲ್ ಡೆಮಾಕ್ರಾಟ್ ಸದಸ್ಯರು ಪಕ್ಕದ ಹೊಲದಲ್ಲಿ ಮನೆ ಬರುತ್ತದೆಂದರೆ ಮೊದಲು ಕೈಯೆತ್ತಿ ಬೇಡವೆನ್ನುತ್ತಾರೆ. ಆ ಕಮಿಟಿಯಲ್ಲಿ ಕೂತು 'ಕಟ್ಟಲಿ ಬಿಡಿ' ಎನ್ನುವ ಒಬ್ಬರಿದ್ದರೂ ವ್ಯತ್ಯಾಸವಾಗುತ್ತದೆ. ನಿಮ್ಮ ವಾರ್ಡಿನಲ್ಲಿ ಈ ಎರಡರಲ್ಲಿ ಯಾವುದು ಗೆಲ್ಲುತ್ತದೋ ಅದನ್ನೇ ಸೇರಿ. ಈ ಮಟ್ಟದಲ್ಲಿ ಪಕ್ಷದ ಬಣ್ಣ ಅಷ್ಟು ಮುಖ್ಯವಲ್ಲ.

ಪ್ರಶ್ನೆ: ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ನಾನು ಸದಸ್ಯನಾಗಬಹುದೆ?

ಉತ್ತರ: ಆಗಬಹುದು. ಕನ್ಸರ್ವೇಟಿವ್ ಪಕ್ಷದ ಸದಸ್ಯತ್ವಕ್ಕೆ ಬ್ರಿಟಿಷ್ ಪೌರತ್ವ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಸರಿಯಾದ ವೀಸಾ ಮೇಲೆ ಅಲ್ಲಿ ವಾಸವಿರುವ ಭಾರತೀಯರು ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇರುವುದಿಲ್ಲ. ಚುನಾವಣೆಗೆ ನಿಲ್ಲಬೇಕಾದರೆ ಮಾತ್ರ ಕಾಯಂ ವಾಸದ ಅನುಮತಿ, ಅಂದರೆ ಐಎಲ್‌ಆರ್ ಇರಬೇಕು. ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ.