ಒಬ್ಬರು ಬೇಡ ಅಂದರೆ?

ಪ್ರಶ್ನೆ: ಐರೋಪ್ಯ ಒಕ್ಕೂಟದ ವಿದೇಶಾಂಗ ನೀತಿಯಲ್ಲಿ ಮಾಲ್ಟಾದಂಥ ಪುಟ್ಟ ದೇಶದ ಮಾತು ನಡೆಯುತ್ತದಾ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನಡೆಯುತ್ತದೆ, ಕೆಲವು ಸಲ ಬೇಕಾದ್ದಕ್ಕಿಂತ ಜಾಸ್ತಿ! ವಿದೇಶಾಂಗ, ಭದ್ರತೆ ವಿಷಯದ ಹೆಚ್ಚಿನ ತೀರ್ಮಾನಗಳಿಗೆ 27 ದೇಶಗಳಲ್ಲಿ ಒಂದೂ ಬೇಡ ಅನ್ನಬಾರದು. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ಮೂರನೇ ಮಹಡಿಯವರು ತಕರಾರು ತೆಗೆದರೆ ಹೊಸ ಬೋರ್‌ವೆಲ್ ಅಲ್ಲಿಗೇ ನಿಲ್ಲುತ್ತದೆ, ಅಲ್ವಾ? ಆದರೆ ಒಂದು ದೇಶ ಮತ ಹಾಕದೆ ಸುಮ್ನೆ ಕೂತರೆ ತೀರ್ಮಾನಕ್ಕೆ ಅಡ್ಡಿಯಿಲ್ಲ. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡುವ ವಿಷಯ ಬಂದಾಗ ಹಂಗೇರಿಯ ಪ್ರಧಾನಿ ಓರ್ಬಾನ್ ಕೋಣೆಯಿಂದ ಎದ್ದು ಹೊರಗೆ ಹೋದರು, ಒಳಗಿದ್ದ 26 ಜನ ಒಪ್ಪಿಬಿಟ್ಟರು. ಆದರೆ ಅದೇ ಸಭೆಯಲ್ಲಿ ಉಕ್ರೇನ್‌ಗೆ 5,000 ಕೋಟಿ ಯೂರೋ ನೆರವು ಕೊಡಲು ಅವರು ಅಡ್ಡಗಾಲು ಹಾಕಿದರು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರವರಿ 1ಕ್ಕೆ.